ಕೊಟ್ಟಿಗೆ ಗೋಡೆ, ಎಂಟು ದಿನದ ಪಿಕಪ್ಪು

ಸಗಣಿ ಬಾಚಿದ್ದು, ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬಂದದ್ದು, ಹುರುಳಿಕಾಳು ನೆನೆಹಾಕಿದ್ದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು, ಒಣಗಿದ ಬಟ್ಟೆಯನ್ನು ಒಮ್ಮೆ ಮಡಿಚಿ, ಸರಿಯಾಗಲಿಲ್ಲವೆಂದು ಮತ್ತೊಮ್ಮೆ ಮಡಿಚಿದ್ದು. ಅವತ್ತು ಕೈ ಇಲ್ಲಿತ್ತು, ಕಿವಿ ರಸ್ತೆಯಲ್ಲಿತ್ತು. ನಮ್ಮವರು ಸಂಜೆ ಬಂದು ಹೂಂ ಅಂದರೆ ಮಾರನೆಯ ದಿನ ನಮ್ಮ ಕೊಟ್ಟಿಗೆಯ ಗೋಡೆ ಬೀಳುವುದಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು. ಚೇಳೂರಿನ ಹತ್ತಿರ ನಮ್ಮೂರು. ಕುಣಿಗಲ್ಲಿನಲ್ಲಿದ್ದ ನಾದಿನಿಯ ಗಂಡ ತನ್ನ ಪಿಕಪ್ಪು ಮಾರಬೇಕೆಂದಿದ್ದ. "ಎಂಟು ದಿನ ಓಡ್ಸಿ ನೋಡಿ ಭಾವ, ಬೇಕಾದ್ರೆ ಇಟ್ಕೊಳ್ಳಿ" ಎಂದು ಬೀಗದ ಕೈ ಕೊಟ್ಟು ಬಸ್ಸು ಹತ್ತಿದ.

ನಮ್ಮ ತೆಂಗಿನಕಾಯಿ ನಮ್ಮದೇ ಗಾಡಿಯಲ್ಲಿ ಗುಬ್ಬಿ ಸಂತೆಗೆ ಹೋಗಬೇಕು ಎನ್ನುವುದು ನಮ್ಮವರ ಬಹುದಿನದ ಆಸೆ. ಆದರೆ ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಜಾಗವೆಲ್ಲಿ?

"ಕೊಟ್ಟಿಗೆ ಗೋಡೆ ಒಡುದ್ರೆ ಸಲೀಸಾಗಿ ನಿಲ್ತದೆ."

"ಹಸು?"

"ಕೊಟ್ರಾಯ್ತು ಕಣೇ."

ಎರಡನ್ನೂ ಕರುವಾಗಿದ್ದಾಗಿನಿಂದ ಸಾಕಿದವಳು ನಾನು.

ನಮ್ಮ ಕಡೆ ಎತ್ತಿನ ಗಾಡಿಯ ಕಾಲದಿಂದಲೂ ಒಂದು ರೂಢಿ: ಗಾಡಿ ಇರುವ ಮನೆಯವರು ಕೇಳಿ ಬಂದವರಿಗೆ ಇಲ್ಲ ಅನ್ನುವಂತಿಲ್ಲ. ನಮ್ಮವರು ಅದನ್ನು ಮರೆತಿದ್ದರು. ಊರು ಮರೆತಿರಲಿಲ್ಲ. ಮೊದಲನೇ ದಿನವೇ ನಾಮಕರಣದ ಮನೆಯ ಪಾತ್ರೆಗಳು. ಮಾರನೇ ದಿನ ದೇವರಾಯನದುರ್ಗಕ್ಕೆ ಹರಕೆ ಹೊತ್ತವರು. ಆಮೇಲೆ ತುಮಕೂರಿನಿಂದ ಯಾರದೋ ಬೀರು, ಇನ್ಯಾರದೋ ಸಿಮೆಂಟು. ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ, "ಅತ್ತಿಗೆ, ಅಣ್ಣ ಎದ್ದವ್ರಾ?"

"ಮುಖನಾದ್ರೂ ತೊಳ್ಕೊಳ್ಳಿ ಬುಡ್ರಪ್ಪಾ" ಎಂದು ಅತ್ತೆ ಒಳಗಿಂದಲೇ ಕೂಗುತ್ತಿದ್ದರು. ನಮ್ಮ ಕಾಯಿಯ ರಾಶಿ ಮಾತ್ರ ಅಂಗಳದಲ್ಲಿ ಹಾಗೇ ಬಿದ್ದಿತ್ತು.

ಎಂಟನೆಯ ದಿನ ಗುಬ್ಬಿ ಸಂತೆ; ಗಾಡಿ ಇಟ್ಟುಕೊಳ್ಳುವುದೋ ಬೇಡವೋ ಎನ್ನುವುದೂ ಅವತ್ತೇ ಸಂಜೆ ತೀರ್ಮಾನವಾಗಬೇಕಿತ್ತು. ಕಾಯಿ ತುಂಬಿ ಹಗ್ಗ ಬಿಗಿಯುತ್ತಿದ್ದೆವು. ಎದುರು ಮನೆಯವನು ಓಡಿಬಂದ. ಅವನ ಎಮ್ಮೆಗೆ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು, ಚೇಳೂರಿನ ದನದ ಡಾಕ್ಟ್ರು ರಜ. ನಮ್ಮವರು ನನ್ನ ಮುಖ ನೋಡಿದರು. ನಾನೇ ಹಗ್ಗ ಬಿಚ್ಚಿದೆ. ಕಾಯಿ ಇಳಿಯಿತು, ನಾಲ್ಕು ಜನ ಸೇರಿ ಎಮ್ಮೆ ಹತ್ತಿಸಿದರು. ಅವರು ಗುಬ್ಬಿಯ ದನದ ಆಸ್ಪತ್ರೆಯ ಕಡೆ ಹೋದ ಮೇಲೆ, ಸಂತೆಯ ದಿನ ಊರೂರು ಸುತ್ತುವ ಬಾಡಿಗೆ ಟೆಂಪೋ ಬಂತು. ಕೈ ಅಡ್ಡ ಹಿಡಿದು ನಿಲ್ಲಿಸಿ, ಎಂದಿನ ಹಾಗೆ ಅದಕ್ಕೇ ಕಾಯಿ ಹಾಕಿ ಕಳಿಸಿದೆ.

ಸಂಜೆ ಬಂದವರು ಖಾಲಿ ಅಂಗಳ ನೋಡಿ ನಿಂತರು.

"ಕಾಯೆಲ್ಲೇ?"

"ಟೆಂಪೋಗೆ ಹಾಕ್ದೆ."

"ಅದಿರ್ಲಿ, ಎಮ್ಮೆ ಎಂಗದೆ ಹೇಳ್ಲಾ" ಎಂದರು ಅತ್ತೆ.

"ಬದುಕ್ತು ಕಣವ್ವ. ಕರುನೂ ಉಳೀತು. ಗಾಡಿ ತುಂಬಾ ಸಗಣಿ."

"ಗೋಡೆ ಒಡೀದೇನೇ ಗಾಡೀನೇ ಕೊಟ್ಟಿಗೆ ಆಯ್ತು ಬುಡು!" ಎಂದು ಅತ್ತೆ ನಕ್ಕರು.

ನಮ್ಮವರು ನಗಲಿಲ್ಲ. ಬಿಂದಿಗೆ ಬಿಂದಿಗೆ ನೀರು ಹೊಯ್ದು ಗಾಡಿ ತೊಳೆದರು. ಕಡೆಯ ಬಿಂದಿಗೆ ನನ್ನ ಕೈಗೆ ಕೊಡುತ್ತಾ, "ನಾಳೆ ಕುಣಿಗಲ್‌ಗೆ ಬಿಟ್ಟು ಬತ್ತೀನಿ. ಕೇಳ್ಕೊಂಡ್ ಬಂದೋರ್ಗೆ ಇಲ್ಲ ಅನ್ನಕ್ಕೆ ನನ್ ಕೈಲಾಗಲ್ಲ ಕಣೇ" ಎಂದರು.

ಹಸು ಉಳಿದವು, ಗೋಡೆಯೂ ಉಳಿಯಿತು. ಆದರೂ ನೆಮ್ಮದಿ ಬರಲಿಲ್ಲ. ನಮ್ಮೊಂದು ಮನೆಗೆ ಅಂಥ ಗಾಡಿ ಬೇಡ, ಸರಿ. ಆದರೆ ಆ ಎಮ್ಮೆ ಟೆಂಪೋ ಬರುವವರೆಗೆ ತಡೆಯುತ್ತಿತ್ತೇ? ಇದನ್ನು ಬಾಯಿಬಿಟ್ಟು ಹೇಳಿದರೆ ನಾಳೆ ಕುಣಿಗಲ್ಲಿಗೆ ಹೋಗುವವರು ಎಲ್ಲಿ ನಿಂತುಬಿಡುತ್ತಾರೋ ಎಂದು ಹೇಳಲಿಲ್ಲ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ನಮ್ಮ ಹಸುವಿನ ಮಜ್ಜಿಗೆ. ನಾನು ತಟ್ಟೆ ತೊಳೆದು ಬರುವುದರೊಳಗೆ ನಮ್ಮವರು ಮಲಗಿ ನಿದ್ದೆ ಹೋಗಿದ್ದರು.