ಆಯಿಗೆ ತಪ್ಪಿದ ಎರಡು ಪಾಳಿ

ಕೆಮ್ಮಿದರೆ ಸಾಕು, ಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದ ದಿನಗಳವು. ಶಾಲೆಯಿಲ್ಲ, ಲೋಕಲ್ ರೈಲಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಹದಿಮೂರು ವರ್ಷದ ನಾನು ದಿನವಿಡೀ ಆಯಿಯ ಜೊತೆ ಚೌಕಾಬಾರಾ ಆಡುತ್ತಿದ್ದೆ. ಆಯಿ ಎಂದರೆ ಅಪ್ಪನ ತಾಯಿ, ಧಾರವಾಡದ ಕಡೆಯವಳು. ಆಟದಲ್ಲಿ ಮೋಸ ಮಾಡಿ, ಸಿಕ್ಕಿಬಿದ್ದರೆ ನಗುವವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರದ ಡಯಾಲಿಸಿಸ್ ಪಾಳಿ ತಪ್ಪುವಂತಿರಲಿಲ್ಲ.

ಬೇಸಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಡುವುದು ನಮ್ಮ ಪದ್ಧತಿ. ಪ್ರತಿ ಸಲ ಟೆರೇಸಿನಲ್ಲಿ ಮೆಣಸಿನಕಾಯಿ ಹುರಿದು ಗಿರಣಿಗೆ ಕೊಡುತ್ತಿದ್ದೆವು. ಆ ವರ್ಷ ಗಿರಣಿ ಬಂದ್. ಟೆರೇಸಿಗೆ ಸೊಸೈಟಿ ಕಮಿಟಿಯವರೇ ಬೀಗ ಜಡಿದಿದ್ದರು.

"ಇರಲಿ ಬಿಡು, ಮನ್ಯಾಗ ಹುರದು ಮಿಕ್ಸರಿಗೆ ಹಾಕೂಣು," ಎಂದಳು ಆಯಿ.

ಭಾನುವಾರ ಅವ್ವ ಬ್ಯಾಡಗಿ ಮೆಣಸಿನಕಾಯಿಯನ್ನು ಬಾಣಲೆಗೆ ಹಾಕಿದ್ದೇ ತಡ, ಘಾಟು ನೆತ್ತಿಗೇರಿತು. ನಾಲ್ವರೂ ಕೆಮ್ಮಿದ್ದೇ ಕೆಮ್ಮಿದ್ದು. ನನಗಂತೂ ಕೆಮ್ಮಿನ ನಡುವೆ ನಗು.

ಸಂಜೆ ನಮ್ಮ ಬಾಗಿಲ ಹೊರಗಿನ ಗ್ರಿಲ್ಲಿಗೆ ಬೀಗ ಬಿತ್ತು. ಹಾಕಿಸಿದವರು ಸೆಕ್ರೆಟರಿ ಪ್ರಭಾಕರ ಅಂಕಲ್. ಉಡುಪಿ ಕಡೆಯವರು, ಮೂವತ್ತು ವರ್ಷ ಹೋಟೆಲ್ ನಡೆಸಿದವರು.

"ಖಾರ ಹುರದದ್ದರೀ ಅದು! ನಿಮಗ ವಾಸನೀ ತಿಳೀಲಿಲ್ಲೇನು?" ಅಪ್ಪ ಗ್ರಿಲ್ಲಿನೊಳಗಿಂದ ಕೇಳಿದ.

"ತಿಳಿಯದೆ ಎಂತ ಮಾರಾಯ್ರೇ. ಆದ್ರೆ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ನಿಮ್ಮ ಕೆಮ್ಮಿಗೆ ಹೆದರಿ ಬರ್ದಿದ್ದಾರೆ. ಟೆಸ್ಟ್ ಆಗಿ ರಿಪೋರ್ಟ್ ಬರ್ಲಿ, ತೆಗೀತೇನೆ."

"ನಾಡಿದ್ದು ನಮ್ಮವ್ವಂದು ಡಯಾಲಿಸಿಸ್ ಐತ್ರೀ."

"ಒಂದು ಸಲ ತಪ್ಪಿದ್ರೆ ಎಂತ ಆಗುದಿಲ್ಲ."

ಹಾಗೆ ಹೇಳಲು ಅವರೇನು ಡಾಕ್ಟರೇ? ಯಾರೂ ನಮ್ಮ ಜ್ವರ ನೋಡಲಿಲ್ಲ, ಒಂದು ಚೀಟಿ ಕೊಡಲಿಲ್ಲ. ರೂಲ್ ಎಂದರು. ಯಾರ ರೂಲ್ ಎಂದರೆ, ಮತ್ತೆ ರೂಲ್ ಎಂದರು. ರೋಗಕ್ಕೆ ನಾವೂ ಹೆದರಿದ್ದೆವು. ಆದರೆ ಗೊತ್ತಿದ್ದೂ ಬೀಗ ಹಾಕುವುದು ಯಾವ ಹೆದರಿಕೆ?

ಆಸ್ಪತ್ರೆಗೆ, ಪೊಲೀಸರಿಗೆ ಅಪ್ಪ ಹಚ್ಚಿದ ಫೋನುಗಳೆಲ್ಲ ಎಂಗೇಜ್. ಬೀಗ ಒಡೆಯುತ್ತೇನೆಂದು ಸುತ್ತಿಗೆ ಹಿಡಿದರೆ ಆಯಿಯೇ ತಡೆದಳು. "ಬ್ಯಾಡೋ. ನಾಳಿಗೂ ಇವರ ನಡುವನ ಇರಬೇಕಲ್ಲ."

ಮಂಗಳವಾರ ಹೋಯಿತು. ಬುಧವಾರ ಲ್ಯಾಬಿನವನೊಬ್ಬ ಗ್ರಿಲ್ಲಿನ ಸಂದಿಯಿಂದಲೇ ಎಲ್ಲರ ಮೂಗಿಗೆ ಕಡ್ಡಿ ಹಾಕಿ ಹೋದ. ಶುಕ್ರವಾರವೂ ಹೋಯಿತು. ಆಯಿಯ ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ಇದ್ದಳು. ಆಡೋಣ ಬಾ ಎಂದು ಕರೆದೆ.

"ನನ್ನ ಕವಡಿನೂ ನೀನ ಹಾಕು," ಎಂದಳು.

ಶನಿವಾರ ರಿಪೋರ್ಟ್ ಬಂತು. ಯಾರಿಗೂ ಏನೂ ಇರಲಿಲ್ಲ. ಬೀಗ ತೆಗೆದ ಅಂಕಲ್ ಗ್ರೂಪಿನಲ್ಲಿ 'ಸಹಕಾರಕ್ಕೆ ಧನ್ಯವಾದ' ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು. ಆಯಿಯನ್ನು ಸೀದಾ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮನೆಗೇನೋ ಬಂದಳು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು.

"ಪ್ರಾಯ ಆಗಿತ್ತಲ್ಲ," ಎಂದರು ಮಾತಾಡಿಸಲು ಬಂದ ಅಂಕಲ್. ಆಯಿಗೆ ಅರವತ್ತೆರಡು.

ಮೊದಲೆಲ್ಲ ನಾನು ಅವರ ಮನೆಗೆ ಹೇಳದೆ ಕೇಳದೆ ನುಗ್ಗಿ ನೀರುದೋಸೆ ತಿಂದು ಬರುತ್ತಿದ್ದೆ. ಆ ಸಲಿಗೆ ಹೋಗಿ ವರ್ಷಗಳೇ ಆದವು. ಅವರು ಈಗಲೂ ಸೆಕ್ರೆಟರಿ. ಲಿಫ್ಟಿನಲ್ಲಿ ಸಿಕ್ಕರೆ "ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ಮನಸ್ಸಿಟ್ಟೇ ಕೇಳುತ್ತಾರೆ. ಆ ಎರಡು ಪಾಳಿಗೆ ಉತ್ತರ ಕೊಡಿ ಎನ್ನಬೇಕೆಂದು ಪ್ರತಿ ಸಲ ಬಾಯಿ ತೆರೆಯುತ್ತೇನೆ. "ಹಾಂ ಅಂಕಲ್, ಎಲ್ಲರೂ ಆರಾಮ," ಎಂದುಬಿಡುತ್ತೇನೆ.