ಭೀಮಣ್ಣನ ಕುರಿಗಳು ಮತ್ತು ಸೋರಿಹೋದ ಆಟ

ನನಗೆ ಕಾಯುವುದು ಬರುವುದಿಲ್ಲ. ಇದನ್ನು ಯಾರೂ ರೋಗವೆಂದು ಒಪ್ಪುವುದಿಲ್ಲವಾದ್ದರಿಂದ ಇದಕ್ಕೆ ಔಷಧವೂ ಇಲ್ಲ. ಪಂಚಮಿಯ ಉಂಡಿಗೆಂದು ಹುರಿದಿಟ್ಟ ಶೇಂಗಾ ಬೆಲ್ಲದ ಪಾಕ ಬರುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿ, ಕೊಲೆಗಾರ ಯಾರೆಂದು ತಿಳಿದುಕೊಂಡು, ಆಮೇಲೆ ನಿಶ್ಚಿಂತೆಯಿಂದ ಮೊದಲ ಪುಟಕ್ಕೆ ಬರುತ್ತೇನೆ. ಹಬ್ಬದ ದಿನ ಒಲೆಯ ಸುತ್ತ ಸುಳಿಯುವ ನನ್ನನ್ನು ನೋಡಿ ಹೆಂಡತಿ, ಮೊದಲ ಎಡಿ ದೇವರಿಗೋ ನಿಮಗೋ ಎಂದು ಕೇಳುತ್ತಾಳೆ. ಎಡಿ ಎಂದರೆ ನಮ್ಮ ಕಡೆ ನೈವೇದ್ಯ. ದೇವರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದೂರು ಕೊಟ್ಟಿಲ್ಲ. ಹೀಗಾಗಿ ಮುಂಚಿತವಾಗಿ ರುಚಿ ನೋಡಿದ್ದಕ್ಕೆ ಶಿಕ್ಷೆಯಿಲ್ಲ ಎಂಬ ನಂಬಿಕೆ ನನ್ನಲ್ಲಿ ಬೇರೂರಿಬಿಟ್ಟಿತ್ತು.

ಆ ನಂಬಿಕೆಯ ಭರದಲ್ಲಿ ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಬೇಕಾಗಿದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಸಿಂದಗಿಯ ಬಸ್ ನಿಲ್ದಾಣದ ಸಮೀಪದ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ನಾಲ್ಕು ಕಂಪ್ಯೂಟರು, ಒಂದು ಟೆಲಿಫೋನ್ ಲೈನು, ಕರೆಂಟು ಹೋದಾಗಲೆಲ್ಲ ಕೀಚ್ ಎಂದು ಕೂಗುವ ಒಂದು ಯುಪಿಎಸ್. ಅರ್ಜಿ ಟೈಪ್ ಮಾಡುವುದು, ಹುಡುಗರಿಗೆ ಕಲಿಸುವುದು, ಊರವರಿಗೆ ಇ-ಮೇಲ್ ವಿಳಾಸ ಮಾಡಿಕೊಡುವುದು ನನ್ನ ಉದ್ಯೋಗ. ವಿಳಾಸ ಮಾಡಿಸಿಕೊಂಡವರಲ್ಲಿ ಮುಕ್ಕಾಲು ಮಂದಿ ಪಾಸ್‌ವರ್ಡನ್ನು ನೆನಪಿಡುವ ಭಾರವನ್ನೂ ನನಗೇ ಒಪ್ಪಿಸಿ ಹೋಗುತ್ತಿದ್ದರು. ಅದಕ್ಕೆಂದೇ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೆ. ಊರಿನ ಗುಟ್ಟೆಲ್ಲ ಅದರಲ್ಲಿತ್ತು, ಆದರೆ ಗುಟ್ಟು ಅಂಥ ದೊಡ್ಡದೇನಲ್ಲ: ಮನೆದೇವರ ಹೆಸರು, ಅದರ ಮುಂದೆ ಒಂದು ಎರಡು ಮೂರು. ಬೆಳಿಗ್ಗೆ ಬಾಗಿಲು ತೆರೆದು, ಊದಿನಕಡ್ಡಿ ಹಚ್ಚಿ, ಒಬ್ಬೊಬ್ಬರ ಪೆಟ್ಟಿಗೆಯನ್ನೂ ತೆರೆದು ನೋಡಿ, ಪತ್ರ ಬಂದಿದ್ದರೆ ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದೆ. ಅಂಚೆಯವನು ಲಕೋಟೆ ಒಡೆದು ಓದುವುದಿಲ್ಲ, ನಾನು ಓದುತ್ತಿದ್ದೆ. ಅದನ್ನು ಸೇವೆಯೆಂದೇ ತಿಳಿದಿದ್ದೆ, ಊರವರೂ ಹಾಗೆಯೇ ತಿಳಿದಿದ್ದರು.

ಭೀಮಣ್ಣ ದೇವಣಗಾಂವದವರು. ನನಗಿಂತ ಹತ್ತು ವರ್ಷ ದೊಡ್ಡವರು, ಕುರಿ ಸಾಕುವ ಮನೆತನ. ಪಿಯುಸಿವರೆಗೆ ಓದಿ ಮತ್ತೆ ಕುರಿಗಳಿಗೇ ಮರಳಿದವರು. ಸಂತೆಯ ದಿನ ಸಿಂದಗಿಗೆ ಬಂದರೆ ಕೆಲಸ ಮುಗಿಸಿ ನನ್ನ ಸೆಂಟರಿನಲ್ಲಿ ಒಂದು ತಾಸು ಕುಳಿತು ಆಟವಾಡಿ ಹೋಗುತ್ತಿದ್ದರು. ಹಳ್ಳಿ ಕಟ್ಟುವುದು, ಹೊಲ ಉಳುವುದು, ವೈರಿ ಬಂದರೆ ಬಡಿದಾಡುವುದು, ಹೀಗೊಂದು ಅಮೆರಿಕದ ಆಟ. ನಾವೆಲ್ಲ ಬಡಿದಾಟಕ್ಕೆ ಹಾತೊರೆದರೆ ಭೀಮಣ್ಣ ಮಾತ್ರ ಪರದೆಯ ಮೇಲಿನ ಕುರಿಗಳನ್ನೇ ನೋಡುತ್ತಾ ಕೂರುವರು. ಆ ಆಟದಲ್ಲಿ ಕುರಿಗಳು ಒಂದೊಂದೂ ತನ್ನ ಪಾಡಿಗೆ ಒಂದೊಂದು ದಿಕ್ಕು ಹಿಡಿದು ಹೋಗುತ್ತಿದ್ದವು.

"ಇವು ಕುರಿ ಅಲ್ರಿ ಸರ, ಬೆಕ್ಕು," ಎಂದರು ಒಂದು ದಿನ.

ಮುಂದಿನ ಸಂತೆಗೆ ಎರಡು ಹಾಳೆ ಬರೆದುಕೊಂಡೇ ಬಂದರು, ಇಂಗ್ಲಿಷಿನಲ್ಲಿ. ಒಂದು ಕುರಿ ಹೊರಟರೆ ಉಳಿದವು ಅದರ ಹಿಂದೆ ಹೇಗೆ ಹೊರಡುತ್ತವೆ, ಮಧ್ಯಾಹ್ನದ ಬಿಸಿಲಿಗೆ ಒಂದರ ಹೊಟ್ಟೆಯ ನೆರಳಿನಲ್ಲಿ ಇನ್ನೊಂದು ಹೇಗೆ ತಲೆ ಇಟ್ಟು ನಿಲ್ಲುತ್ತದೆ, ನೀರು ಕಂಡರೆ ಹೇಗೆ ತಡೆದು ನಿಲ್ಲುತ್ತವೆ, ಎಲ್ಲವೂ ಅದರಲ್ಲಿತ್ತು. ಮೂರು ನಾಲ್ಕು ಪದಗಳ ಚಿಕ್ಕ ಚಿಕ್ಕ ವಾಕ್ಯಗಳು. ವ್ಯಾಕರಣ ತಿದ್ದಿಕೊಡಲೇ ಎಂದು ಕೇಳಿದೆ. ಬೇಡವೆಂದರು. ಕುರಿಯ ವಿಷಯದಲ್ಲಿ ತಪ್ಪಿದ್ದರೆ ಹೇಳಿ, ಇಂಗ್ಲಿಷಿನದು ಇರಲಿ ಎಂದರು. ಇದ್ದದ್ದು ಇದ್ದ ಹಾಗೆಯೇ ಟೈಪ್ ಮಾಡಿ ಆಟದ ಕಂಪನಿಗೆ ಕಳಿಸಿದೆ.

ಎರಡು ತಿಂಗಳಿಗೆ ಉತ್ತರ ಬಂತು. ನೂರಾರು ಜನಕ್ಕೆ ಒಂದೇ ಅಚ್ಚಿನಲ್ಲಿ ಕಳಿಸಿದ ಪತ್ರ. ಹೆಸರಿರಬೇಕಾದ ಕಡೆ 'ಪ್ರಿಯ ಪರೀಕ್ಷಕರೇ' ಎಂದಿತ್ತು. ಹೊಸ ಆಟವೊಂದು ತಯಾರಾಗುತ್ತಿದೆ, ಅದರ ಬೀಟಾ, ಅಂದರೆ ಪೂರ್ತಿ ಸಿದ್ಧವಾಗುವ ಮುನ್ನ ಕೆಲವರಿಗೆ ಮಾತ್ರ ಆಡಿ ನೋಡಲು ಕೊಡುವ ಕಚ್ಚಾ ಪ್ರತಿ, ನಿಮ್ಮ ಸರದಿ ಬಂದಾಗ ಕಳಿಸುತ್ತೇವೆ. ತಪ್ಪು ಹುಡುಕಿ ತಿಳಿಸಿದವರ ಹೆಸರು, ಊರು ಆಟದ ಕೊನೆಯ ಪಟ್ಟಿಯಲ್ಲಿ ಬರುತ್ತದೆ. ಪರೀಕ್ಷಕರಿಗೆಂದು ಒಂದು ಪಾಸ್‌ವರ್ಡೂ ಇತ್ತು, ಅದನ್ನು ನೋಟ್‌ಬುಕ್ಕಿಗೆ ಏರಿಸಿಕೊಂಡೆ. ಕೆಳಗೆ ಒಂದು ಎಚ್ಚರಿಕೆಯೂ ಇತ್ತು. ಆ ಪ್ರತಿಯೊಂದು ಈಗಾಗಲೇ ಇಂಟರ್ನೆಟ್ಟಿನಲ್ಲಿ ಸೋರಿಹೋಗಿದೆ. ಅದನ್ನು ಇಳಿಸಿಕೊಂಡು ಆಡಿದ ಪರೀಕ್ಷಕರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗುವುದು. ಎಲ್ಲವನ್ನೂ ಓದಿ ಹೇಳಿದೆ. ಭೀಮಣ್ಣನ ಕಿವಿಗೆ ಬಿದ್ದದ್ದು ಒಂದೇ ಮಾತು.

"ಊರೂ ಬರ್ತೈತೇನ್ರಿ? ದೇವಣಗಾಂವ ಅಂತ?"

ಬರುತ್ತದೆ ಎಂದೆ. ಅಂದು ಅವರು ಆಟವಾಡದೆ ಹಾಗೇ ಎದ್ದು ಹೋದರು. ಮನೆಯಲ್ಲಿ ಹೇಳುವ ಅವಸರ.

ನನಗೆ ಬೇರೆ ಅವಸರ. ಸೋರಿಹೋದ ಪ್ರತಿ ಎಲ್ಲೋ ಬಿದ್ದಿದೆ ಎಂದು ಕಂಪನಿಯೇ ಹೇಳಿದ ಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ? ಶಿಕ್ಷೆಯ ವಿಚಾರವನ್ನು ಕೂಲಂಕಷವಾಗಿ ಯೋಚಿಸಿದೆ. ಸೆಂಟರಿಗೆ ಅರ್ಜಿ ಟೈಪ್ ಮಾಡಿಸಲು ಬರುತ್ತಿದ್ದ ಒಬ್ಬ ವಕೀಲರನ್ನೂ ಕೇಳಿದೆ. ಅವರು ಗಡ್ಡ ಕೆರೆದುಕೊಂಡು, ಕಳವಾದ ಮಾಲು ಮಾಲೀಕನ ಮನೆಯಲ್ಲಿ ಇನ್ನೂ ಇದ್ದರೆ ಅದು ಎಂಥ ಕಳವು ಎಂದು ನನ್ನನ್ನೇ ಪ್ರಶ್ನಿಸಿದರು. ಪಂಚನಾಮೆ ಮಾಡಲು ಬಂದವರು ಟಿವಿಯಂತೆ ಕಾಣುವ ಡಬ್ಬಿಯನ್ನಷ್ಟೇ ಹೊತ್ತೊಯ್ಯುತ್ತಾರೆ, ಅದರಲ್ಲಿ ಏನೂ ಇರುವುದಿಲ್ಲ ಎಂದೂ ಧೈರ್ಯ ತುಂಬಿದರು. ಅಲ್ಲದೆ ಅಮೆರಿಕದ ಪೊಲೀಸರು ಸಿಂದಗಿ ಮುಟ್ಟಬೇಕಾದರೆ ಬಿಜಾಪುರದಲ್ಲಿ ಬಸ್ಸು ಬದಲಿಸಬೇಕು. ಆ ಬಸ್ಸಿನಲ್ಲಿ ಅವರಿಗೆ ಸೀಟು ಸಿಗುವ ಸಂಭವ ಕಡಿಮೆ.

ಇನ್ನೂ ಸಮಾಧಾನವಾಗದೆ ಹೊಲದ ನ್ಯಾಯಕ್ಕೆ ಬಂದೆ. ನಮ್ಮ ಕಡೆ ಚಳಿಗಾಲದಲ್ಲಿ ಜೋಳದ ತೆನೆ ಹಾಲು ತುಂಬಿಕೊಂಡು, ಕಾಳು ಇನ್ನೂ ಗಟ್ಟಿಯಾಗುವ ಮುನ್ನ, ಹಸಿ ತೆನೆ ಸುಟ್ಟು ತಿಕ್ಕಿ, ಬೆಲ್ಲ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಜೊತೆ ತಿನ್ನುತ್ತೇವೆ. ಅದು ಸೀತನಿ. ಬೆಳೆ ಬರುವ ಮುನ್ನವೇ ಬೆಳೆಯ ರುಚಿ ನೋಡುವುದನ್ನು ಹಬ್ಬವಾಗಿಸಿಕೊಂಡ ಜನ ನಾವು. ದಾರಿಹೋಕನೊಬ್ಬ ಹಸಿದು ಹೊಲಕ್ಕಿಳಿದು ಎರಡು ತೆನೆ, ಒಂದು ಹಿಡಿ ಹಸಿ ಕಡಲೆ ಕಿತ್ತು ತಿಂದರೂ ಹಿರಿಯರು ಅದನ್ನು ಕಳವೆನ್ನುತ್ತಿರಲಿಲ್ಲ. ಹೊಟ್ಟೆಗೆ ತಿಂದರೆ ಕಳವಲ್ಲ, ಟವೆಲಿನಲ್ಲಿ ಕಟ್ಟಿಕೊಂಡು ಹೋದರೆ ಕಳವು. ನಾನಾದರೂ ಆಡಿ ನೋಡುವವನೇ ಹೊರತು ಸಿಡಿ ಮಾಡಿ ಮಾರುವವನಲ್ಲ. ಅಲ್ಲಿಗೆ ನನ್ನ ಮೊಕದ್ದಮೆಯನ್ನು ನಾನೇ ಗೆದ್ದೆ.

ಆಟ ಇಳಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ಫೋನು ಬಂದರೆ ಇಳಿಯುವುದು ನಿಲ್ಲುತ್ತಿತ್ತು, ಕರೆಂಟು ಹೋದರೆ ನಿಲ್ಲುತ್ತಿತ್ತು. ಇಷ್ಟು ತಾಳ್ಮೆ ನನ್ನಲ್ಲಿ ಎಲ್ಲಿತ್ತೋ ತಿಳಿಯದು. ತಪ್ಪು ಮಾಡುವುದಕ್ಕಾದರೆ ನಾನೂ ಕಾಯಬಲ್ಲೆ ಎಂದು ಆಗ ಗೊತ್ತಾಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ಆಟ ಬಾಗಿಲವರೆಗೆ ಬಂದು ನಿಂತು, ಪರೀಕ್ಷಕರ ವಿಳಾಸ, ಪಾಸ್‌ವರ್ಡು ಕೇಳಿತು. ಹೊಲದಲ್ಲಿ ಇಳಿದವನನ್ನು ಯಾರವನು ಎಂದು ಕೂಗಿ ಕೇಳಿದರೆ ತನ್ನ ಹೆಸರು ಹೇಳಬೇಕು. ನಾನು ನೋಟ್‌ಬುಕ್ ತೆಗೆದು ಭೀಮಣ್ಣನ ಹೆಸರು ಹೊಡೆದೆ. ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕ್ಷಣ ಬೆರಳು ನಿಂತಿತ್ತು.

ಆಟ ತೆರೆಯಿತು. ಹಸಿರು ದಿನ್ನೆಯ ಮೇಲೆ ಕುರಿಗಳು ಮೇಯುತ್ತಿದ್ದವು. ಒಂದು ಕುರಿ ಎದ್ದು ನಡೆಯಿತು. ಉಳಿದವೂ ತಲೆಯೆತ್ತಿ ನೋಡಿ, ಅದರ ಹಿಂದೆಯೇ ಹೊರಟವು. ಬಿಸಿಲೇರಿದಾಗ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ಇಟ್ಟು ನಿಂತವು. ಭೀಮಣ್ಣನ ಎರಡು ಹಾಳೆಗಳು ಪರದೆಯ ಮೇಲೆ ನಡೆದಾಡುತ್ತಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರಿಗೆ ಫೋನು ಮಾಡಲು ಎದ್ದೇಬಿಟ್ಟೆ. ಆಮೇಲೆ ಹೊಳೆಯಿತು, ಹೇಳಿದರೆ ಎಲ್ಲಿ ನೋಡಿದಿರಿ ಎಂದು ಕೇಳುತ್ತಾರೆ. ಮತ್ತೆ ಕುಳಿತೆ.

ನಾಲ್ಕು ದಿನಕ್ಕೆ ಅವರ ಪೆಟ್ಟಿಗೆಗೆ ಪತ್ರ ಬಂತು. ಈ ಸಲ ಅಚ್ಚಿನ ಪತ್ರವಲ್ಲ, ಯಾರೋ ಒಬ್ಬರು ಕುಳಿತು ಬರೆದದ್ದು. ಅವರ ಪೂರ್ತಿ ಹೆಸರು, ಊರು, ಎಲ್ಲ ಇತ್ತು. ನಿಮ್ಮ ಹೆಸರಿನಿಂದ ಸೋರಿದ ಪ್ರತಿಯನ್ನು ಆಡಲಾಗಿದೆ, ನಿಯಮದಂತೆ ನಿಮ್ಮನ್ನು ಕೈಬಿಡಬೇಕಾಗಿದೆ. ಕುರಿಗಳ ಬಗ್ಗೆ ನೀವು ಬರೆದದ್ದನ್ನು ಇಲ್ಲಿ ಎಲ್ಲರೂ ಓದಿದ್ದೇವೆ, ಅದರಂತೆ ತಿದ್ದಿದ್ದೇವೆ, ಆದ್ದರಿಂದಲೇ ಹೆಚ್ಚು ಬೇಸರವಾಗಿದೆ. ಇಷ್ಟೇ ಇತ್ತು. ತಪ್ಪು ನನ್ನದೆಂದು ಆ ಕ್ಷಣವೇ ಕಂಪನಿಗೆ ಬರೆಯಬಹುದಿತ್ತು. ಭೀಮಣ್ಣನ ಕಾಲು ಹಿಡಿಯಬಹುದಿತ್ತು. ನಾನು ಪತ್ರವನ್ನು ಅಳಿಸಿದೆ. ಅಳಿಸಿದ್ದು ಉಳಿದಿರುವ ಬುಟ್ಟಿಯನ್ನೂ ಖಾಲಿ ಮಾಡಿದೆ. ಕಂಪ್ಯೂಟರ್ ಕಲಿಸುವ ಮಾಸ್ತರನಲ್ಲವೇ, ಅರೆಬರೆ ಕೆಲಸ ನನಗೆ ಬಾರದು.

ಆಮೇಲಿನ ಪ್ರತಿ ಸಂತೆಗೂ ಭೀಮಣ್ಣ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಪತ್ರ ಬಂತೇ ಎಂದು ಕೇಳುವರು. ಇಲ್ಲ ಎನ್ನುತ್ತಿದ್ದೆ. ದೊಡ್ಡ ಕಂಪನಿ, ತಡವಾಗುತ್ತದೆ ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ಸುಗ್ಗಿ ಮುಗಿಯಿತು, ಬಿಸಿಲು ಬಂತು, ಕೇಳುವುದು ಕಡಿಮೆಯಾಯಿತು. ಕೊನೆಗೆ ಕೇಳದೆ ಬರೀ ನನ್ನ ಮುಖ ನೋಡಿ ಕೂರತೊಡಗಿದರು.

ಆಟ ಬಿಡುಗಡೆಯಾದಾಗ ಅವರು ಪುಣೆಯಲ್ಲಿದ್ದ ನೆಂಟರಿಂದ ಅಸಲಿ ಸಿಡಿಯನ್ನೇ ತರಿಸಿದರು. ಇಬ್ಬರೂ ಕೂಡಿಯೇ ನೋಡಿದೆವು. ಕುರಿಗಳು ಹಿಂಡಾಗಿ ಹೊರಟದ್ದನ್ನು ಕಂಡು ಅವರು ಪರದೆಗೆ ಮೂಗು ತಾಗುವಷ್ಟು ಬಾಗಿದರು. ಮೊದಲು ಪಟ್ಟಿ ತೋರಿಸಿ ಎಂದರು. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರಿದವು. ಬೆರಳಿಟ್ಟು ಓದಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿ ಓದಿದರು.

"ಬ್ಯಾರೆ ಯಾರೋ ಬರೀಬಲ್ಲಾಂವ ಬರದಾನ್ರಿ ಸರ. ಕುರಿ ಕಂಡಾಂವ ಅದಾನ. ಅವಂದು ಅವರಿಗಿ ತಿಳದೈತಿ, ನನ್ನ ಇಂಗ್ಲಿಷ್ ಎಲ್ಲಿ ತಿಳೀಬೇಕು."

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ, ಚಹಾ ತರಿಸಲೇ ಎಂಬ ಮಾತು ಹೊರಬಂತು. ಅಂದಿನಿಂದ ಭೀಮಣ್ಣ ಆಟವಾಡಿದರು, ಬರೆಯಲಿಲ್ಲ. ಪಟ್ಟಿಯಲ್ಲಿ ಹೆಸರು ತಪ್ಪಿದ್ದು ಕಂಪನಿ ಕೊಟ್ಟ ಶಿಕ್ಷೆ, ಅದು ಒಂದು ದಿನದ್ದು. ತಾನು ಬರೆದದ್ದು ಯಾರಿಗೂ ತಿಳಿಯುವುದಿಲ್ಲ ಎಂದು ಒಬ್ಬ ಮನುಷ್ಯ ನಂಬಿಬಿಡುವ ಹಾಗೆ ಮಾಡಿದ್ದು ನಾನು. ಅದು ಐದು ವರ್ಷ ನಡೆಯಿತು. ಆ ಐದು ವರ್ಷಗಳ ಬಗ್ಗೆ ನನಗಿರುವಷ್ಟು ಪಶ್ಚಾತ್ತಾಪ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಹೇಳಿಸಿದ್ದು ಅವರ ಮಗಳು. ಡಿಗ್ರಿಗೆ ಸೇರುವ ಅರ್ಜಿಯಲ್ಲಿ ನಿಮ್ಮ ಬಗ್ಗೆ ಒಂದು ಪುಟ ಬರೆಯಿರಿ ಎಂದಿತ್ತು. ಅವಳು ತಾನೇ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಬರೆದುಕೊಂಡು ಬಂದಿದ್ದಳು. ಭೀಮಣ್ಣ ಆ ಹಾಳೆಯನ್ನು ಅವಳ ಕೈಯಿಂದ ತೆಗೆದು ನನ್ನ ಮುಂದಿಟ್ಟು, ನಮ್ಮಂಥವರು ಬರೆದದ್ದು ಯಾರಿಗೂ ತಿಳಿಯುವುದಿಲ್ಲ, ಇದನ್ನು ಹರಿದು ಸರ್ ಕೈಲಿ ಬೇರೆ ಬರೆಸು ಎಂದು ಮಗಳಿಗೆ ಹೇಳಿದರು. ಹುಡುಗಿಯ ಮುಖ ಸಣ್ಣದಾಯಿತು. ಅಂಕಪಟ್ಟಿಯ ಝೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಅವಳನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಬೈಯುತ್ತಾರೆಂದು ಕಾದೆ. ಅವರು ಮೇಜಿನ ಮೇಲಿದ್ದ ಮಗಳ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹೆಸರ ಹಾಕಿ ಬರದಿದ್ರೇನ್ರಿ?"

ಹೌದು, ಪೂರ್ತಿ ಹೆಸರು, ಊರು ಎಂದೆ.

"ಕುರಿದು?"

ಕುರಿಯದನ್ನೂ ಹೇಳಿದೆ.

"ತಗದ ಹಾಕೇವಿ ಅಂತ ಬರದಿದ್ರೂ ನನಗ ಬರದದ್ದ ಅಲ್ಲೇನ್ರಿ ಸರ ಅದು. ಇಟ್ಟಿದ್ರ ಆಗ್ತಿತ್ತು."

ನೆನಪಿದ್ದಷ್ಟನ್ನು ಈಗ ಬರೆದುಕೊಡಿ ಎಂದರು. ಟೈಪ್ ಮಾಡಲು ಹೋದವನನ್ನು ತಡೆದು, ಕೈಯಲ್ಲೇ ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಮನೆಯಲ್ಲಿ ಎಲ್ಲರೂ ಓದಬೇಕು ಎಂದರು. ಬರೆದೆ. ಹೊಗಳಿಕೆಯ ಮಾತೊಂದನ್ನು ಹೆಚ್ಚಿಗೆ ಸೇರಿಸೋಣವೆನಿಸಿತು. ಆ ಪತ್ರಕ್ಕೆ ನಾನು ಮಾಡಿದ್ದು ಸಾಕೆಂದು ಬಿಟ್ಟೆ. ಭೀಮಣ್ಣ ಎರಡು ಸಲ ಓದಿದರು. ಮಗಳ ಹಾಳೆಯನ್ನು ಹರಿಯದೆ ಅರ್ಜಿಯ ಜೊತೆ ಜೋಡಿಸಿದರು. ಆಮೇಲೆ ನಾನು ಬರೆದದ್ದನ್ನು ನನ್ನ ಕಡೆಗೇ ಸರಿಸಿ, ಕೆಳಗೆ ಸಹಿ ಇಲ್ಲ ಎಂದರು.

ಆ ಪತ್ರ ಬರೆದವರ ಹೆಸರು ನನಗೆ ಮರೆತುಹೋಗಿತ್ತು. ಯಾರ ಸಹಿ ಹಾಕಲಿ ಎಂದು ಕೇಳಿದೆ.

"ನಿಮ್ದ ಹಾಕ್ರಿ ಸರ. ನನ್ನ ಹೆಸರ ಹೊಡದ ಹಾಕಿದವ್ರು ನೀವ ಅಲ್ಲೇನ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಜಿಯಲ್ಲಿ ಬಿಟ್ಟುಹೋದ ಒಂದು ಸಾಲನ್ನು ತೋರಿಸುವವರ ಹಾಗೆ ಬೆರಳಿಟ್ಟು ಜಾಗ ತೋರಿಸಿದರು. ನನ್ನ ಸಹಿ ಯಾವಾಗಲೂ ಎರಡು ಗೀಟು, ಒಂದು ಚುಕ್ಕೆ. ಬ್ಯಾಂಕಿನವರೇ ಬೇಸತ್ತು ಬಿಟ್ಟಿದ್ದರು. ಅಂದು ಮಾತ್ರ ಅಪ್ಪನ ಹೆಸರು ಸೇರಿಸಿ, ಒಂದಕ್ಷರವೂ ತಪ್ಪದಂತೆ, ಯಾರಿಗಾದರೂ ತಿಳಿಯುವ ಹಾಗೆ ಬರೆದೆ.