ಬಟವಾಡಿಯ ದ್ವೀಪದಲ್ಲಿ ಕೂತು ಹಡಗು ನೋಡುವುದು

ತುಮಕೂರಿನ ಬಟವಾಡಿಯ ಈ ಮನೆ ನನಗೆ ಸಿಕ್ಕಿದ್ದು ಹೇಳಿದ ಬೆಲೆಯ ಮೂರರಲ್ಲಿ ಎರಡು ಪಾಲಿಗೆ. ಯಾಕೆ ಅಷ್ಟು ಅಗ್ಗ ಎಂದರೆ ಮೂರು ಕಡೆಯಿಂದ ಇಲ್ಲಿಗೆ ಯಾರೂ ಬರುವ ಹಾಗಿಲ್ಲ. ಮುಂದೆ ಹೆದ್ದಾರಿ, ಅದಕ್ಕೆ ಕಬ್ಬಿಣದ ಬೇಲಿ. ಹಿಂದೆ ರೈಲು ಹಳಿ. ಎಡಕ್ಕೆ ಒಂದು ದೊಡ್ಡ ಚರಂಡಿ, ಮಳೆ ಬಂದ ದಿನ ಅದು ತನ್ನನ್ನು ಶಿಂಷಾ ನದಿ ಎಂದೇ ತಿಳಿದುಕೊಳ್ಳುತ್ತದೆ. ಬಲಕ್ಕೆ ಉಳಿದ ಸಂದಿಯೊಂದೇ ದಾರಿ. ಮಾರಿದ ಪುಣ್ಯಾತ್ಮ, ದುಡ್ಡು ಎಣಿಸಿಕೊಳ್ಳುವಾಗ ನನ್ನನ್ನು ಕನಿಕರದಿಂದ ನೋಡಿದ. ನಾನೂ ಅವನನ್ನು ಅಷ್ಟೇ ಕನಿಕರದಿಂದ ನೋಡಿದೆ.

ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು: ಮೂರು ಕಡೆ ನೀರಿದ್ದರೆ ಪರ್ಯಾಯ ದ್ವೀಪ. ಆ ಲೆಕ್ಕದಲ್ಲಿ ನಮ್ಮದು ಪರ್ಯಾಯ ದ್ವೀಪವೇ. ಆದರೆ ಸಂದಿಯ ಬಾಯಿಗೆ ಯಾರಾದರೂ ಸ್ಕೂಟರ್ ನಿಲ್ಲಿಸಿ ಹೋದರೆ ಪೂರ್ತಿ ದ್ವೀಪ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗೃಹಪ್ರವೇಶಕ್ಕೆ ಬಂದ ಪುರೋಹಿತರು ಸಂಕಲ್ಪ ಹೇಳುವಾಗ ‘ಜಂಬೂದ್ವೀಪೇ’ ಎಂದೇ ಶುರುಮಾಡಿದರು. ತುಮಕೂರಿನವರಾದರೇನು, ಗುಬ್ಬಿಯವರಾದರೇನು, ಮಂತ್ರದ ಪ್ರಕಾರ ಎಲ್ಲರೂ ದ್ವೀಪವಾಸಿಗಳೇ. ನಮ್ಮ ಮನೆಯಲ್ಲಿ ಅದು ಸ್ವಲ್ಪ ಎದ್ದು ಕಾಣುತ್ತದೆ, ಅಷ್ಟೆ.

ದ್ವೀಪದ ಸಂಸಾರ ಬೇರೆಯೇ ರೀತಿ. ಬೇಳೆ, ಬೆಲ್ಲ, ಎಣ್ಣೆಯನ್ನು ನನ್ನ ಹೆಂಡತಿ ಜಯಮ್ಮ ಮುತ್ತಿಗೆಗೆ ಸಿದ್ಧವಾದ ಪಾಳೇಗಾರನಂತೆ ತುಂಬಿಡುತ್ತಾಳೆ. ಕೊತ್ತಂಬರಿ ಸೊಪ್ಪಿನ ಅಂಗಡಿ ಹೆದ್ದಾರಿಯ ಆಚೆ ಕಣ್ಣೆದುರಿಗೇ ಇದೆ. ಹೋಗಬೇಕೆಂದರೆ ಮಾತ್ರ ಅಂಡರ್‌ಪಾಸ್ ಸುತ್ತಿ ಆಟೋದಲ್ಲಿ ಹೋಗಬೇಕು. ಸೊಪ್ಪಿನ ಬೆಲೆಗಿಂತ ಆಟೋ ಬಾಡಿಗೆ ಹೆಚ್ಚಾಗುವ ವ್ಯವಹಾರಕ್ಕೆ ನಾನು ಒಪ್ಪುವವನಲ್ಲ. ಹಾಗಾಗಿ ನಮ್ಮ ಸಾರಿನಲ್ಲಿ ಕೊತ್ತಂಬರಿ ಹಬ್ಬಕ್ಕೆ ಮಾತ್ರ.

ಅದೇ ಆಚೆ ದಡದಲ್ಲಿ ಜಯಮ್ಮನ ಗೆಳತಿ ಗಿರಿಜಮ್ಮನ ಮನೆ. ಸಂಜೆ ಇಬ್ಬರೂ ತಂತಮ್ಮ ತಾರಸಿಯ ಮೇಲೆ ಎದುರುಬದುರು ಕೂತು, ಫೋನಿನಲ್ಲಿ ಮಾತಾಡುತ್ತಾರೆ.

“ಏನೇ ಜಯಾ, ಹುರಳೀಕಾಯಿ ಬಿಡಿಸ್ತಿದೀಯಾ?”

“ಕಣ್ಣು ತೋರಿಸ್ಕೊಳ್ಳೇ ಮೊದ್ಲು. ಬಟಾಣಿ ಕಣೇ ಇದು!”

ನಡುವೆ ಲಾರಿಯೊಂದು ಹಾದುಹೋಗುವಷ್ಟು ಹೊತ್ತು ಇಬ್ಬರೂ ಮಾತು ನಿಲ್ಲಿಸುತ್ತಾರೆ. ಫೋನಿಗೆ ಲಾರಿ ಅಡ್ಡ ಬರುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅಷ್ಟೆ.

ಲಾರಿ ಎಂದೆ. ಜಯಮ್ಮನ ಬಾಯಲ್ಲಿ ಅದು ಹಡಗು. ಅವಳು ಹುತ್ರಿದುರ್ಗದ ತಪ್ಪಲಿನ ಹುಡುಗಿ. ಕುಣಿಗಲ್ ಕೆರೆಗಿಂತ ದೊಡ್ಡ ನೀರು ನೋಡಿರಲಿಲ್ಲವೆಂದು ಒಮ್ಮೆ ಮಲ್ಪೆಗೆ ಕರೆದುಕೊಂಡು ಹೋಗಿದ್ದೆ. ದಡದಲ್ಲಿ ಕೂತು, ದೂರದಲ್ಲಿದ್ದ ಒಂದು ಹಡಗನ್ನು ಸಂಜೆಯವರೆಗೆ ನೋಡಿ ಕೊನೆಗೆ ಅಂದಳು: “ಬೆಳಗಿಂದ ಅಲ್ಲೇ ನಿಂತದೆ ಕಣ್ರೀ. ಕೆಟ್ಟೋಗಿರ್ಬೇಕು. ಇದಕ್ಕಿಂತ ನಮ್ಮನೆ ಮುಂದಿನವೇ ವಾಸಿ, ನಡೀರಿ.”

ನಮ್ಮನೆ ಮುಂದಿನವು ನಿಜಕ್ಕೂ ವಾಸಿ. ಹೊಸ ಕಾರುಗಳನ್ನು ಎರಡಂತಸ್ತಿನಲ್ಲಿ ಹೊತ್ತು ಹೋಗುವವು, ಹುಲ್ಲು ತುಂಬಿ ಬಸುರಿಯಂತೆ ತೂಗಾಡುತ್ತ ಹೋಗುವವು, ಗ್ಯಾಸಿನ ಟ್ಯಾಂಕರುಗಳು. ಎಲ್ಲಕ್ಕೂ ದೊಡ್ಡದು ಚಿತ್ರದುರ್ಗದ ಗುಡ್ಡಗಳಿಗೆ ಹೋಗುವ ಗಾಳಿಯಂತ್ರದ ರೆಕ್ಕೆ. ಒಂದೇ ರೆಕ್ಕೆ ನಮ್ಮ ಮನೆಯ ಈ ತುದಿಯಿಂದ ಶುರುವಾದರೆ ಪಕ್ಕದ ಗ್ಯಾರೇಜು ದಾಟಿದರೂ ಮುಗಿಯುವುದಿಲ್ಲ. ಅದನ್ನು ಕಂಡರೆ ನಾನು ಬಾಡಿಗೆ ಎಷ್ಟಿರಬಹುದು, ಎಷ್ಟಕ್ಕೆ ಇಳಿಸಬಹುದಿತ್ತು ಎಂದು ಲೆಕ್ಕ ಹಾಕುತ್ತೇನೆ. ಜಯಮ್ಮ ಕೈ ಬೀಸುತ್ತಾಳೆ. ಡ್ರೈವರುಗಳು ಹಾರ್ನ್ ಮಾಡುತ್ತಾರೆ. ನನ್ನ ಲೆಕ್ಕಕ್ಕೆ ಇದುವರೆಗೂ ಯಾರೂ ಹಾರ್ನ್ ಮಾಡಿಲ್ಲ.

ಹೀಗಿರುವಾಗ ಗುಬ್ಬಿಯ ಕೊಬ್ಬರಿ ವ್ಯಾಪಾರಿ ರೇವಣ್ಣನವರು ಮನೆ ಕೇಳಿಕೊಂಡು ಬಂದರು. ಕೆಡವಿ ಲಾಡ್ಜ್ ಕಟ್ಟಿಸುತ್ತಾರಂತೆ. ಅವರು ಹೇಳಿದ ಬೆಲೆ ಕೇಳಿ ನನಗೆ ಬಿಕ್ಕಳಿಕೆ ಬಂತು. ಅದನ್ನು ಅಸಮಾಧಾನದ ಕೆಮ್ಮಾಗಿ ತಿರುಗಿಸಿ ಇನ್ನೂ ಸ್ವಲ್ಪ ಏರಿಸಿದೆ. ಪೈಪು-ನಲ್ಲಿ ಅಂಗಡಿಯಿಂದ ಮೇಲೆ ಬಂದವನು ನಾನು. ಅಷ್ಟು ವಿದ್ಯೆ ಇದೆ. ಗೂಳೂರು ರಸ್ತೆಯ ಹೊಸ ಬಡಾವಣೆಯಲ್ಲಿ ಒಂದು ಮನೆಯನ್ನೂ ನೋಡಿಟ್ಟೆ. ಎದುರಿಗೆ ಪಾರ್ಕು, ಸುತ್ತ ನಿಶ್ಶಬ್ದ.

“ಅಲ್ಲಿ ಏನ್ ಹೋಗುತ್ತೆ ಮುಂದೆ?” ಎಂದು ಕೇಳಿದಳು ಜಯಮ್ಮ.

“ಏನೂ ಹೋಗಲ್ಲ. ಅದೇ ಕಣೇ ಅದರ ಹೆಚ್ಚುಗಾರಿಕೆ!”

ಅವಳು ಎದ್ದು ತಾರಸಿಗೆ ಹೋದಳು. ಆದರೆ ಒಂದು ತೊಡಕಿತ್ತು. ಕೊಳ್ಳುವಾಗ ಜೋಯಿಸರು ನನ್ನ ಹೆಸರುಬಲಕ್ಕೆ ಈ ಮನೆ ಬರುವುದಿಲ್ಲ, ಅಮ್ಮಾವ್ರ ಹೆಸರಿಗೆ ಮಾಡಿಸಿ ಎಂದಿದ್ದರು. ಹಾಗೇ ಮಾಡಿಸಿದ್ದೆ. ಇಪ್ಪತ್ತು ವರ್ಷದಿಂದ ನಾನು ಅವಳ ಮನೆಯಲ್ಲಿ ಬಿಟ್ಟಿ ಇದ್ದೇನೆ ಎಂಬುದು ಹೊಳೆದದ್ದು ಆಗಲೇ.

ಮುಂಗಡದ ದಿನ ಸಂಜೆ ರೇವಣ್ಣನವರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಹಣ ಇಟ್ಟುಕೊಂಡು ಬಂದರು. ಯಜಮಾನಿ ತಾರಸಿಯಲ್ಲಿದ್ದಳು, ಇಳಿಯಲಿಲ್ಲ. ತಟ್ಟೆಯೇ ಮೆಟ್ಟಿಲು ಹತ್ತಬೇಕಾಯಿತು.

“ತಗಳಿ ತಾಯಿ, ಒಳ್ಳೇ ಗಳಿಗೆ,” ಎಂದರು ರೇವಣ್ಣ.

“ಕೂತ್ಕಳಿ ಅಣ್ಣಾ, ರೆಕ್ಕೆ ಬರೋ ಹೊತ್ತು. ಅದು ಹೋಗ್ಲಿ, ಆಮೇಲೆ ತಗೋತೀನಿ.”

ಅವರಿಗೆ ಅರ್ಥವಾಗಲಿಲ್ಲ. ಕಾಫಿ ಹಿಡಿದು ಕೂತರು. ಅಷ್ಟರಲ್ಲಿ ಬಂತು. ಮುಂದೆ ಕೆಂಪು ಬಾವುಟ ಹಿಡಿದು ನಡೆಯುವ ಒಬ್ಬ, ಬಿದಿರು ಕೋಲಿನಿಂದ ತಂತಿ ಎತ್ತುವ ಇನ್ನೊಬ್ಬ, ಹಿಂದೆ ಮದುವಣಗಿತ್ತಿಯ ನಡಿಗೆಯಲ್ಲಿ ಆ ಬಿಳಿಯ ಉದ್ದನೆಯ ವಸ್ತು. ಇಡೀ ಬಟವಾಡಿ ತಡೆದು ನಿಂತಿತು. ರೇವಣ್ಣನವರ ಕೈಯಲ್ಲಿ ಕಾಫಿ ಆರಿತು. ಆಚೆ ದಡದಿಂದ ಗಿರಿಜಮ್ಮ ಕೈ ಬೀಸಿದಳು. ಯಾರು ಏನು ಎಂದು ತಿಳಿಯದೆಯೇ ರೇವಣ್ಣನವರೂ ಬೀಸಿದರು. ಡ್ರೈವರು ಹಾರ್ನ್ ಮಾಡಿದ. ಕೊಬ್ಬರಿ ಮಂಡಿಯ ಆ ದೊಡ್ಡ ಮನುಷ್ಯ ಎಳೆಮಗುವಿನಂತೆ ನಕ್ಕುಬಿಟ್ಟರು.

“ತಾಯಿ, ಲಾಡ್ಜು ಗೀಡ್ಜು ಏನೂ ಬ್ಯಾಡ ಬುಡಿ. ಮನೆ ಹಿಂಗೇ ಇರ್ಲಿ, ನಾನೇ ಬಂದು ಇರ್ತೀನಿ. ಇನ್ನೆರಡು ಲಕ್ಷ ಸೇರುಸ್ಕಳಿ.”

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಜಯಮ್ಮ ತಟ್ಟೆಯನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು.

“ಬೇಜಾರ್ ಮಾಡ್ಕೋಬೇಡಿ ಅಣ್ಣಾ. ನಾವು ಕೇಳದೇ ಕೊಳ್ಳೋನೇ ರೇಟು ಏರ್ಸಿದ್ರೆ ಮಾಲು ಬಿಡಬಾರ್ದು ಅಂತ ನಮ್ಮನೆಯವ್ರು ದಿನಾ ಹೇಳ್ತಾರೆ. ಅಲ್ವೇನ್ರೀ?”

ಹೌದು, ಹೇಳುತ್ತೇನೆ. ಅಂಗಡಿಗೆ ಬಂದವರಿಗೆಲ್ಲ, ಮದುವೆಮನೆಗಳಲ್ಲಿ ಪಕ್ಕದ ಎಲೆಯವರಿಗೂ ಹೇಳುತ್ತೇನೆ. ನನ್ನ ಉಪದೇಶವನ್ನು ಒಬ್ಬರಾದರೂ ಪಾಲಿಸಿದ್ದು ಅಂದೇ ಮೊದಲು. ಅರ್ಧ ಎದ್ದವನು ಪೂರ್ತಿ ಕೂತೆ. “ಅಲ್ಲದೆ ಇನ್ನೇನು,” ಎಂದೆ. ರೇವಣ್ಣನವರು ಕಾಯನ್ನು ನಮಗೇ ಬಿಟ್ಟು, ಹಣ ಮಾತ್ರ ಎತ್ತಿಕೊಂಡರು. “ಮತ್ತೆ ಯಾವಾಗ ಬರ್ತದೆ ತಾಯಿ ಇದು?” ಎಂದು ಕೇಳಿಕೊಂಡೇ ಮೆಟ್ಟಿಲಿಳಿದರು.

ಈಗ ನಿಮಗೆ ಎರಡು ಮಾತು. ಪುಕ್ಕಟೆ, ಆದರೆ ಅಗ್ಗದ್ದಲ್ಲ. ಮನೆ ಕೊಳ್ಳಲು ಹೋದಾಗ ನಲ್ಲಿ ತಿರುಗಿಸಿ, ಗೋಡೆ ತಟ್ಟಿ ಹೊತ್ತು ಕಳೆಯಬೇಡಿ. ಆ ಮನೆಯಾಕೆ ಸಂಜೆ ಎಲ್ಲಿ ಕೂರುತ್ತಾರೆ ಎಂದು ಕೇಳಿ, ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಏಳಬೇಕೆನಿಸಿದರೆ ಬೆಲೆ ಇಳಿಸಿ. ಏಳಲು ಮನಸ್ಸೇ ಬಾರದಿದ್ದರೆ ಬಾಯಿ ಮುಚ್ಚಿಕೊಂಡು ಕೊಂಡುಬಿಡಿ. ಮಾರುವವರಾದರೆ, ಗಿರಾಕಿ ಬರುವ ಮೊದಲು ಆ ಕುರ್ಚಿಯನ್ನು ಒಳಗಿಡಿ. ಮಾರುವ ಯೋಚನೆಯನ್ನೇ ಕೈಬಿಟ್ಟಿದ್ದರೆ ಅದರ ಪಕ್ಕಕ್ಕೆ ನಿಮಗೂ ಒಂದು ತನ್ನಿ. ಅಂಗಡಿಯವರು ಒಂದೇ ಕುರ್ಚಿಗೆ ಬೆಲೆಯಲ್ಲಿ ಏನೂ ಬಿಡುವುದಿಲ್ಲ; ಜೋಡಿ ಕೇಳಿ, ಬಿಡುತ್ತಾರೆ.